ಲಿಂಡ್‌ಹರ್ಸ್ಟ್‌ನ ಇಟ್ಟಿಗೆ ಚರ್ಚು: ನ್ಯೂ ಫಾರೆಸ್ಟಿನಲ್ಲಿ ಮೂರು ದಿನ

ಇಂಗ್ಲೆಂಡಿನ ದಕ್ಷಿಣದಲ್ಲಿ, ಸೌತಾಂಪ್ಟನ್ ದಾಟುತ್ತಿದ್ದ ಹಾಗೇ ನ್ಯೂ ಫಾರೆಸ್ಟ್ ಸಿಗುತ್ತದೆ. 1079ರ ಸುಮಾರಿಗೆ ವಿಲಿಯಂ ದೊರೆ ತನ್ನ ಬೇಟೆಗೆಂದು ಮೀಸಲಿಟ್ಟ ಕಾಡು ಇದು. 2005ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬರುವವರಲ್ಲಿ ಹೆಚ್ಚಿನವರು ಕಾಡಿನ ನಡುವಿನ ಲಿಂಡ್‌ಹರ್ಸ್ಟ್ ಊರಿನ ಬೀದಿಯಲ್ಲಿ ಅಡ್ಡಾಡುವ ಕುದುರೆಮರಿಗಳ ಫೋಟೊ ತೆಗೆದುಕೊಂಡು, ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಅದೇ ಬೀದಿಯ ತುದಿಯಲ್ಲಿ, ದಿಬ್ಬದ ಮೇಲೆ, ವಿಕ್ಟೋರಿಯಾ ರಾಣಿಯ ಕಾಲದ ಅತ್ಯುತ್ತಮ ಇಟ್ಟಿಗೆ ಚರ್ಚುಗಳಲ್ಲಿ ಒಂದು ನಿಂತಿದೆ. ಅದನ್ನು ನಡುವೆ ಇಟ್ಟುಕೊಂಡು, ಸುತ್ತಲಿನ ಇನ್ನೂ ಮೂರು ಹಳ್ಳಿ ಚರ್ಚುಗಳನ್ನು ಸೇರಿಸಿದರೆ ಮೂರು ದಿನದ ಹದವಾದ ಪ್ರವಾಸವಾಗುತ್ತದೆ.

ಇಲ್ಲಿ ಇಟ್ಟಿಗೆಯೇ ಏಕೆ ಎಂಬುದನ್ನು ಹೊರಡುವ ಮುಂಚೆಯೇ ತಿಳಿದಿದ್ದರೆ ನೋಡುವ ಕಣ್ಣು ಬೇರೆಯಾಗುತ್ತದೆ. ನ್ಯೂ ಫಾರೆಸ್ಟಿನ ನೆಲ ಮರಳು, ಜಲ್ಲಿ, ಜೇಡಿ. ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಇಲ್ಲಿ ಸಿಗುವುದಿಲ್ಲ. ಹಾಗಿದ್ದರೂ ಚರ್ಚು ಎಂದರೆ ಕಲ್ಲಿನದೇ ಆಗಬೇಕು, ಇಟ್ಟಿಗೆ ಏನಿದ್ದರೂ ಕೊಟ್ಟಿಗೆಗೆ, ಕಾರ್ಖಾನೆಗೆ ಎಂಬ ಭಾವನೆ ಬಹಳ ಕಾಲ ಇತ್ತು. ಮೇಲಿಂದ 1784ರಲ್ಲಿ ಸರ್ಕಾರ ಇಟ್ಟಿಗೆಯ ಮೇಲೆ ತೆರಿಗೆ ಹಾಕಿತ್ತು. ಆ ತೆರಿಗೆ ರದ್ದಾದದ್ದು 1850ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1847ರಲ್ಲಿ, ಸೌತಾಂಪ್ಟನ್‌ನಿಂದ ಡಾರ್ಚೆಸ್ಟರ್‌ಗೆ ಹೋಗುವ ರೈಲುದಾರಿ ಈ ಕಾಡನ್ನು ಹಾದು ಹೋಯಿತು. ದೂರದ ಭಟ್ಟಿಗಳ ಬಣ್ಣಬಣ್ಣದ ಇಟ್ಟಿಗೆ ತರಿಸುವುದು ಸುಲಭವಾಯಿತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ವಿಲಿಯಂ ಬಟರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ಮಾರ್ಗರೆಟ್ ಸ್ಟ್ರೀಟಿನ ಆಲ್ ಸೇಂಟ್ಸ್ ಚರ್ಚನ್ನು ಕೆಂಪು, ಕಪ್ಪು ಪಟ್ಟೆಗಳ ಇಟ್ಟಿಗೆಯಲ್ಲೇ ಎತ್ತುತ್ತಿದ್ದ. ಬಣ್ಣ ಗೋಡೆಗೆ ಬಳಿಯುವುದಲ್ಲ, ಗೋಡೆಯ ಮೈಯಲ್ಲೇ ಇರಬೇಕು ಎಂಬ ಹಟ ಆ ತಲೆಮಾರಿನ ವಾಸ್ತುಶಿಲ್ಪಿಗಳದು. ಲಿಂಡ್‌ಹರ್ಸ್ಟ್‌ನ ಚರ್ಚು ಹುಟ್ಟಿದ್ದು ಆ ಹಟದಿಂದ.

ಹೋಗಲು ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನ ಶನಿವಾರಗಳಲ್ಲಿ ಲಿಂಡ್‌ಹರ್ಸ್ಟ್‌ನ ಏಕಮುಖ ರಸ್ತೆಗಳಲ್ಲಿ ಕಾರುಗಳು ಇಂಚಿಂಚೇ ತೆವಳುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಇಟ್ಟಿಗೆಯ ಒಳಾಂಗಣ ಬೆಳಕನ್ನು ನುಂಗಿಬಿಡುವುದರಿಂದ ಎರಡು ಗಂಟೆಯ ನಂತರ ಒಳಗೆ ಏನೂ ಕಾಣುವುದಿಲ್ಲ. ಭಾನುವಾರ ಬೆಳಗ್ಗೆ ಆರಾಧನೆ ಇರುತ್ತದೆ, ಶನಿವಾರ ಮಧ್ಯಾಹ್ನ ಮದುವೆಗಳಿರುತ್ತವೆ. ಆದ್ದರಿಂದ ಮಂಗಳವಾರದಿಂದ ಗುರುವಾರದವರೆಗೆ ಇಟ್ಟುಕೊಳ್ಳುವುದು ಜಾಣತನ. ಬಾಗಿಲು ತೆರೆಯುವ ಹೊತ್ತನ್ನು ಆಯಾ ಪ್ಯಾರಿಷ್‌ನ ಸೂಚನೆಯಲ್ಲಿ ಹಿಂದಿನ ದಿನವೇ ನೋಡಿಕೊಳ್ಳಬೇಕು. ಹಳ್ಳಿಯ ಚರ್ಚು ತೆರೆಯುವುದು ಸ್ವಯಂಸೇವಕರೊಬ್ಬರು ಬೀಗದಕೈ ಹಿಡಿದು ಬಂದಾಗ. ಅಂಗಡಿಯ ಹಾಗೆ ಕರಾರುವಾಕ್ಕಾಗಿ ಅಲ್ಲ.

ಚೀಲದಲ್ಲಿ ಮೂರು ವಸ್ತು ಇರಲಿ: ಸಾಧಾರಣ ದುರ್ಬೀನು, ಕೈ ಟಾರ್ಚು, ಕಿಸೆಗೆ ಹಿಡಿಸುವ ಕನ್ನಡಿ. ಅವು ಎಲ್ಲಿ ಬೇಕಾಗುತ್ತವೆ ಎನ್ನುವುದು ಮುಂದೆ ಬರುತ್ತದೆ. ಉದ್ದ ಪ್ಯಾಂಟು, ಉದ್ದ ಸಾಕ್ಸ್ ಹಾಕಿಕೊಳ್ಳಿ. ಸಮಾಧಿಗಳ ನಡುವಿನ ಹುಲ್ಲಿನಲ್ಲೂ ಕಾಡಿನ ಜರಿಗಿಡಗಳಲ್ಲೂ ಉಣುಗು ಇರುತ್ತದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆಯನ್ನು. ರಾತ್ರಿ ಮೊಣಕಾಲಿನ ಹಿಂಭಾಗ, ಸೊಂಟ, ಕಂಕುಳು ನೋಡಿಕೊಂಡು ಮಲಗುವುದು ಅಭ್ಯಾಸವಾಗಲಿ.

ಮೊದಲ ದಿನ: ಲಿಂಡ್‌ಹರ್ಸ್ಟ್

ಲಂಡನ್ ವಾಟರ್‌ಲೂ ನಿಲ್ದಾಣದಿಂದ ಬ್ರಾಕನ್‌ಹರ್ಸ್ಟ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಲಿಂಡ್‌ಹರ್ಸ್ಟ್‌ಗೆ ರೈಲು ಇಲ್ಲ. ಹತ್ತಿರದ ಆಶ್‌ಹರ್ಸ್ಟ್ ನಿಲ್ದಾಣ ಸುಮಾರು ಐದು ಕಿ.ಮೀ., ಬ್ರಾಕನ್‌ಹರ್ಸ್ಟ್ ಆರೂವರೆ. ಆದರೂ ಬ್ರಾಕನ್‌ಹರ್ಸ್ಟ್‌ನಲ್ಲೇ ಇಳಿಯುವುದು ವಾಸಿ, ಏಕೆಂದರೆ ಹೆಚ್ಚು ರೈಲುಗಳು ನಿಲ್ಲುವುದು ಅಲ್ಲಿ. ಸೌತಾಂಪ್ಟನ್‌ನಿಂದ ಲಿಮಿಂಗ್ಟನ್‌ಗೆ ಹೋಗುವ ಬ್ಲೂಸ್ಟಾರ್ 6ನೇ ನಂಬರ್ ಬಸ್ಸು ಲಿಂಡ್‌ಹರ್ಸ್ಟ್, ಬ್ರಾಕನ್‌ಹರ್ಸ್ಟ್ ಎರಡನ್ನೂ ಮುಟ್ಟುತ್ತದೆ. ಸಂಜೆಯ ಕೊನೆಯ ಬಸ್ಸಿನ ಹೊತ್ತನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಟ್ಯಾಕ್ಸಿಗೆ ಕಾಯುವುದೇ ಒಂದು ಕೆಲಸವಾಗುತ್ತದೆ.

ಹೈಸ್ಟ್ರೀಟಿನ ಮೇಲ್ತುದಿಗೆ ನಡೆದರೆ ಸೇಂಟ್ ಮೈಕಲ್ ಅಂಡ್ ಆಲ್ ಏಂಜಲ್ಸ್ ಚರ್ಚು. ಪಕ್ಕದಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ ಕ್ವೀನ್ಸ್ ಹೌಸ್ ಎನಿಸಿದ್ದ ಕಟ್ಟಡದಲ್ಲಿ, ಕಾಡಿನ ಮೇವಿನ ಹಕ್ಕುಗಳ ವ್ಯಾಜ್ಯ ನೋಡುವ ವರ್ಡರರ್ಸ್ ಕೋರ್ಟಿನ ಹಳೆಯ ಸಭಾಂಗಣವಿದೆ. ಅದೇ ದಿಬ್ಬದ ಮೇಲಿದ್ದ 18ನೇ ಶತಮಾನದ ಚರ್ಚನ್ನು ಕೆಡವಿ, 1858ರಿಂದ 1870ರವರೆಗೆ ಈಗಿನದನ್ನು ಕಟ್ಟಿದರು. ವಾಸ್ತುಶಿಲ್ಪಿ ವಿಲಿಯಂ ವೈಟ್. ಸೆಲ್ಬೋರ್ನ್ ಹಳ್ಳಿಯ ಪ್ರಕೃತಿ ವೀಕ್ಷಕ ಪಾದ್ರಿ ಗಿಲ್ಬರ್ಟ್ ವೈಟ್‌ನ ವಂಶದವನು ಈತ. ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಎಲ್ಲಕ್ಕಿಂತ ಮೇಲಿನ ದರ್ಜೆ, ಗ್ರೇಡ್ ಒಂದು.

ಬಂದವರೆಲ್ಲ ನೇರ ಬಾಗಿಲಿಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಮೊದಲು ಹೊರಗೆ ಒಂದು ಸುತ್ತು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ನಿಧಾನವಾಗಿ ಹಾಕಬೇಕು. ಇಂಗ್ಲೆಂಡಿನ ಚರ್ಚುಗಳಲ್ಲಿ ಬಲಿಪೀಠ ಸಾಮಾನ್ಯವಾಗಿ ಪೂರ್ವಕ್ಕೆ. ಹಾಗಾಗಿ ಪೂರ್ವದ ಗೋಡೆಗೆ ಬೆಳಗಿನ ಬಿಸಿಲು, ದಕ್ಷಿಣಕ್ಕೆ ಮಧ್ಯಾಹ್ನದ್ದು, ಪಶ್ಚಿಮಕ್ಕೆ ಇಳಿಬಿಸಿಲು. ಉತ್ತರದ ಗೋಡೆ ವರ್ಷದ ಬಹುಪಾಲು ನೆರಳಿನಲ್ಲೇ ಇರುತ್ತದೆ. ಕಟ್ಟಡದ ಆರೋಗ್ಯ ತಿಳಿಯಬೇಕಾದರೆ ನೋಡಬೇಕಾದದ್ದು ಅದನ್ನೇ.

ಗೋಡೆಯ ಒಂದು ಅಡಿ ಚೌಕವನ್ನು ಆರಿಸಿಕೊಂಡು ಎರಡು ನಿಮಿಷ ನೋಡಿ. ಇಟ್ಟಿಗೆಯ ಉದ್ದ ಮುಖ ಕಾಣುವಂತೆ ಇಟ್ಟದ್ದು ಸ್ಟ್ರೆಚರ್, ತುದಿ ಮಾತ್ರ ಕಾಣುವಂತೆ ಅಡ್ಡಲಾಗಿ ಕೂರಿಸಿದ್ದು ಹೆಡರ್. ನಮ್ಮ ಗಾರೆಯವರೂ ಇದೇ ಹೆಸರು ಹೇಳುತ್ತಾರೆ. ಒಂದು ವರಸೆ ಪೂರ್ತಿ ಉದ್ದ, ಅದರ ಮೇಲಿನ ವರಸೆ ಪೂರ್ತಿ ಅಡ್ಡ ಬಂದರೆ ಅದು ಇಂಗ್ಲಿಷ್ ಬಾಂಡ್. ಒಂದೇ ವರಸೆಯಲ್ಲಿ ಉದ್ದ, ಅಡ್ಡ, ಉದ್ದ, ಅಡ್ಡ ಎಂದು ಬಂದರೆ ಫ್ಲೆಮಿಷ್ ಬಾಂಡ್. ಗೋಡೆಯ ದಪ್ಪದೊಳಕ್ಕೆ ಹೋಗಿ ಎರಡು ಪದರವನ್ನು ಹೆಣೆಯುವುದು ಅಡ್ಡ ಇಟ್ಟಿಗೆಯ ಕೆಲಸ. ಬರೀ ಉದ್ದ ಇಟ್ಟಿಗೆಯೇ ಕಂಡರೆ ಅದು ಇತ್ತೀಚಿನ ಗೋಡೆ, ಅಥವಾ ರಿಪೇರಿ ಮಾಡಿದ ಜಾಗ ಎಂದು ಅನುಮಾನಿಸಬಹುದು.

ಇನ್ನು ಬಣ್ಣ. ಇಲ್ಲಿ ಕೆಂಪಿನ ಜತೆ ಹಳದಿ, ಬಿಳಿ ಇಟ್ಟಿಗೆಗಳಿವೆ. ಯಾವುದಕ್ಕೂ ಮೇಲಿಂದ ಬಣ್ಣ ಬಳಿದಿಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿಯಾಡುವ ಭಟ್ಟಿಯಲ್ಲಿ ಸುಟ್ಟು ಕೆಂಪಾಗುತ್ತದೆ. ಅದೇ ಮಣ್ಣಿನಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೆ ಕೆಂಪು ಮುಚ್ಚಿಹೋಗಿ ಹಳದಿ, ನಸುಬಿಳಿ ಬರುತ್ತದೆ. ಗಾಳಿ ಕಡಿಮೆ ಮಾಡಿ ಬೆಂಕಿ ಜೋರು ಮಾಡಿದರೆ ಕಡುನೀಲಿ, ಕಪ್ಪು. ಕಮಾನಿನ ಮೇಲೆ ಒಂದು ಕೆಂಪು, ಒಂದು ಬಿಳಿ ಎಂದು ಬೀಸಣಿಗೆಯ ಹಾಗೆ ಹರಡಿದ ಪಟ್ಟೆಗಳಲ್ಲಿ ಒಂದೊಂದು ಇಟ್ಟಿಗೆಯೂ ಕಮಾನಿನ ಭಾರ ಹೊತ್ತಿದೆ. ಅಲಂಕಾರ ತೆಗೆದರೆ ಕಟ್ಟಡವೇ ಬೀಳುತ್ತದೆ.

ಮಳೆ ಬಂದು ನಿಂತ ಅರ್ಧ ಗಂಟೆಯಲ್ಲಿ ಈ ಬಣ್ಣಗಳು ಎದ್ದು ನಿಲ್ಲುತ್ತವೆ. ಒದ್ದೆ ಇಟ್ಟಿಗೆಯ ಕೆಂಪು ಗಾಢವಾಗುತ್ತದೆ, ಹಳದಿ ಅಷ್ಟು ಬದಲಾಗುವುದಿಲ್ಲ, ಹೀಗಾಗಿ ಎರಡರ ಅಂತರ ಹೆಚ್ಚುತ್ತದೆ. ಮಳೆ ಎಂದು ಹೋಟೆಲಿನಲ್ಲಿ ಕೂತವರಿಗೆ ಈ ಗೋಡೆಯ ಒಳ್ಳೆಯ ಮುಖ ಸಿಗುವುದಿಲ್ಲ.

ಇಟ್ಟಿಗೆಗಳ ನಡುವಿನ ಸಂದು ನೋಡಿ. ಆ ಕಾಲದ ಗಾರೆ ಸುಣ್ಣದ್ದು. ಬೆರಳಾಡಿಸಿದರೆ ತುಸು ಮೆತ್ತಗೆ, ಮರಳುಮರಳು. ಅದು ಮೆತ್ತಗಿರಬೇಕು ಕೂಡ. ಗೋಡೆಯೊಳಗೆ ಸೇರಿದ ತೇವ ಆ ಸಂದಿನ ಮೂಲಕವೇ ಹೊರಬೀಳುವುದು. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಎಷ್ಟೋ ಹಳೆಯ ಕಟ್ಟಡಗಳಿಗೆ ಗಟ್ಟಿಯಾಗಲಿ ಎಂದು ಸಿಮೆಂಟಿನ ಪಾಯಿಂಟಿಂಗ್ ಮಾಡಿಸಿದರು. ಬಿಸಿ ಚಪಾತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದಂತಾಯಿತು ಅದು. ಸಂದಿನಿಂದ ದಾರಿ ಸಿಗದ ತೇವ ಇಟ್ಟಿಗೆಯ ಮುಖದಿಂದಲೇ ಹೊರಬರಬೇಕು, ಚಳಿಗಾಲದಲ್ಲಿ ಅಲ್ಲೇ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮುಖ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಇಟ್ಟಿಗೆ ಒಳಕ್ಕೆ ಸವೆದು, ಗಾರೆಯ ಗೆರೆ ಮಾತ್ರ ಹೊರಕ್ಕೆ ಚಾಚಿಕೊಂಡಿದ್ದರೆ ಅಲ್ಲಿ ಸಿಮೆಂಟು ಬಿದ್ದಿದೆ ಎಂದೇ ಅರ್ಥ. ಗೋಡೆಯ ಮೇಲಿನ ಬಿಳಿ ಪುಡಿ ತೇವ ಒಣಗುವಾಗ ಬಿಟ್ಟುಹೋದ ಉಪ್ಪು. ಅದನ್ನು ಒಣ ಬ್ರಷ್ಷಿನಿಂದ ಉಜ್ಜಬೇಕೇ ಹೊರತು ನೀರಿನಿಂದ ತೊಳೆಯಬಾರದು, ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಉತ್ತರದ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಹಸಿರು ಪಟ್ಟೆ ಕಂಡರೆ ತಲೆಯೆತ್ತಿ ನೋಡಿ. ನೇರ ಮೇಲೆ ಎಲೆ ಕಟ್ಟಿಕೊಂಡ ದೋಣಿ ಪೈಪು ಇದ್ದೇ ಇರುತ್ತದೆ. ಹಳ್ಳಿ ಚರ್ಚುಗಳ ರಿಪೇರಿ ಖರ್ಚಿನ ಬೇರು ಎಷ್ಟೋ ಸಲ ಈ ಎಲೆ ಕಸ.

ಈಗ ಒಳಗೆ ಹೋಗೋಣ. ಬಾಗಿಲು ತಳ್ಳಿದ ಕೂಡಲೇ ಕಣ್ಣಿಗೆ ಕತ್ತಲು ಕವಿಯುತ್ತದೆ, ಒಂದೆರಡು ನಿಮಿಷ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಒಳಗೋಡೆಗೆ ಸುಣ್ಣ ಬಳಿದಿಲ್ಲ, ಗಿಲಾವು ಇಲ್ಲ. ಹೊರಗೆ ಕಂಡ ಇಟ್ಟಿಗೆಯೇ ಒಳಗೂ. ಹಲವರಿಗೆ ಇದು ಮೊದಲ ನೋಟಕ್ಕೆ ಒರಟು ಎನಿಸುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಕಮಾನುಗಳ ಹಳದಿ, ಬಿಳಿ ಪಟ್ಟೆಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ಕಂಬಗಳ ತಲೆಯಲ್ಲಿ ಎಲೆ, ಬಳ್ಳಿಗಳ ಕೆತ್ತನೆ ಇದೆ. ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ ಬಿಟ್ಟರೆ ಆಳ ಕಾಣುತ್ತದೆ.

ದುರ್ಬೀನು ಚಾವಣಿಗೆ. ಮರದ ತೊಲೆಗಳ ತುದಿಯಲ್ಲಿ ಹೆಚ್ಚುಕಡಿಮೆ ಆಳೆತ್ತರದ ದೇವದೂತರು ನಿಂತಿದ್ದಾರೆ. ಕೆಳಗಿನಿಂದ ಬರಿಗಣ್ಣಿಗೆ ಬೊಂಬೆಗಳಷ್ಟೇ ಕಾಣುವುದು.

ಪೂರ್ವದ ದೊಡ್ಡ ಬಣ್ಣದ ಗಾಜಿನ ಕಿಟಕಿ 1862ರ ಸುಮಾರಿನದು. ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1861ರಲ್ಲಷ್ಟೇ ಹುಟ್ಟುಹಾಕಿದ್ದ ಕಂಪನಿಯ ಆರಂಭದ ಕೆಲಸಗಳಲ್ಲಿ ಒಂದು. ಚಿತ್ರ ಬರೆದುಕೊಟ್ಟವನು ಎಡ್ವರ್ಡ್ ಬರ್ನ್-ಜೋನ್ಸ್. ವಸ್ತು ಬೈಬಲ್ಲಿನ ಕೊನೆಯಲ್ಲಿ ಬರುವ ಹೊಸ ಯೆರೂಸಲೇಮ್. ಇದನ್ನು ನೋಡಲು ಬೆಳಗ್ಗೆ ಹತ್ತರಿಂದ ಹನ್ನೊಂದೂವರೆ ಸರಿಯಾದ ಸಮಯ. ಹತ್ತಿರ ಹೋಗಿ ಕಪ್ಪು ಗೆರೆಗಳನ್ನು ಗಮನಿಸಿ. ದಪ್ಪನೆಯ ಗೆರೆ ಸೀಸದ ಪಟ್ಟಿ, ಗಾಜಿನ ತುಂಡುಗಳನ್ನು ಹಿಡಿದಿರುವುದು ಅದು. ಮುಖ, ಕೂದಲು, ಬಟ್ಟೆಯ ಮಡಿಕೆಯ ಸಣ್ಣ ಗೆರೆಗಳು ಗಾಜಿನ ಮೇಲೆ ಬರೆದು ಭಟ್ಟಿಯಲ್ಲಿ ಸುಟ್ಟು ಕೂರಿಸಿದವು. ಕೆಂಪಾಗಲಿ ನೀಲಿಯಾಗಲಿ ಬರೆದ ಬಣ್ಣವಲ್ಲ, ಗಾಜಿನದೇ ಬಣ್ಣ. ಇಟ್ಟಿಗೆಯಲ್ಲಿ ವೈಟ್ ಮಾಡಿದ್ದನ್ನೇ ಇವರು ಗಾಜಿನಲ್ಲಿ ಮಾಡಿದ್ದಾರೆ ಎನ್ನಬಹುದು.

ಕಿಟಕಿಯ ಕೆಳಗೆ ಗೋಡೆಯಗಲಕ್ಕೆ ಫ್ರೆಡರಿಕ್ ಲೈಟನ್ 1864ರಲ್ಲಿ ಮುಗಿಸಿದ ಭಿತ್ತಿಚಿತ್ರ. ಮತ್ತಾಯನ ಸುವಾರ್ತೆಯಲ್ಲಿ ಬರುವ ಹತ್ತು ಕನ್ಯೆಯರ ಕಥೆ: ಮದುಮಗ ಬರುವ ಹೊತ್ತಿಗೆ ಐವರ ದೀಪದಲ್ಲಿ ಎಣ್ಣೆ ಇತ್ತು, ಐವರದರಲ್ಲಿ ಮುಗಿದಿತ್ತು. ಲೈಟನ್ ಮುಂದೆ 1878ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷನಾದ; ಇಲ್ಲಿ ಕೆಲಸ ಮಾಡುವಾಗ ಇನ್ನೂ ಮೂವತ್ತರ ಆಚೀಚೆ. ಇಟಲಿಯ ಹಾಗೆ ಹಸಿ ಗಾರೆಯ ಮೇಲೆ ಬರೆದರೆ ಇಂಗ್ಲೆಂಡಿನ ತೇವಕ್ಕೆ ತಾಳುವುದಿಲ್ಲ. ಹಾಗಾಗಿ ಮೇಣ, ರಾಳ, ಎಣ್ಣೆ ಬೆರೆಸಿದ ಮಾಧ್ಯಮದಲ್ಲಿ ಒಣ ಗೋಡೆಯ ಮೇಲೆ ಬರೆದಿದ್ದಾನೆ. ಫೋಟೊ ತೆಗೆಯುವವರು ಎಡವುವುದು ಇಲ್ಲೇ. ಮೇಲಿನ ಕಿಟಕಿಯ ಬೆಳಕಿಗೆ ಫೋನು ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಪರದೆಯಲ್ಲಿ ಚಿತ್ರದ ಭಾಗವನ್ನು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿ, ಕಿಟಕಿ ಫ್ರೇಮಿನ ಹೊರಗೇ ಇರಲಿ. ಫ್ಲ್ಯಾಷ್ ಬೇಡ, ಮೇಣದ ಹೊಳಪು ಅದನ್ನು ಹಿಂದಕ್ಕೆ ಎಸೆಯುತ್ತದೆ. ಕಿಟಕಿಗೆ ಬೆಳಗಿನ ಬೆಳಕು ಬೇಕು, ಭಿತ್ತಿಚಿತ್ರಕ್ಕೆ ಮಧ್ಯಾಹ್ನದ ಮೇಲಿನ ಬೆಳಕು ಒಳ್ಳೆಯದು. ಆದ್ದರಿಂದ ಊಟಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಒಳಗೆ ಬಂದರೆ ಎರಡೂ ದಕ್ಕುತ್ತವೆ.

ಸಸ್ಯಾಹಾರಿಗಳಿಗೆ ಹೈಸ್ಟ್ರೀಟಿನ ಟೀ ಅಂಗಡಿಗಳಲ್ಲಿ ಜ್ಯಾಕೆಟ್ ಪೊಟೇಟೊ, ಚೀಸ್ ಸ್ಯಾಂಡ್‌ವಿಚ್, ಸ್ಕೋನ್ ಸಿಗುತ್ತವೆ. ಹೆಚ್ಚಿನದನ್ನು ನಿರೀಕ್ಷಿಸದಿದ್ದರೆ ಬೇಸರವಿಲ್ಲ. ಬೀದಿಯ ಕುದುರೆಗಳಿಗೆ ಏನನ್ನೂ ಕೊಡಬೇಡಿ. ಅವು ಕಾಡುಪ್ರಾಣಿಗಳಲ್ಲ, ಸ್ಥಳೀಯ ರೈತರವು. ಒಮ್ಮೆ ಕೈಯಿಂದ ತಿಂದ ಕುದುರೆ ಮತ್ತೊಬ್ಬರ ಕೈ ಕಚ್ಚುತ್ತದೆ, ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತದೆ.

ಮಧ್ಯಾಹ್ನದ ನಂತರ ಸಮಾಧಿ ಅಂಗಳ. ಎಲ್ಲರೂ ಹುಡುಕುವ ಸಮಾಧಿ ಚರ್ಚಿನ ಹಿಂಬದಿಯಲ್ಲಿದೆ, ಸುತ್ತ ಕಬ್ಬಿಣದ ಕಟಾಂಜನ. ಕಲ್ಲಿನ ಮೇಲೆ ಇರುವ ಹೆಸರು ಮಿಸೆಸ್ ರೆಜಿನಾಲ್ಡ್ ಹಾರ್‌ಗ್ರೀವ್ಸ್. ಲೂಯಿಸ್ ಕ್ಯಾರಲ್‌ನ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಗೆ ಕಾರಣಳಾದ ಹುಡುಗಿ ಆಲಿಸ್ ಲಿಡೆಲ್ ಈಕೆಯೇ. ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ' ಓದಿ ಬೆಳೆದ ಕನ್ನಡಿಗರಿಗೆ ಆ ಪಾಪಚ್ಚಿಯ ಮೂಲ ಇಲ್ಲಿ ಮಣ್ಣಿನಡಿ ಇದ್ದಾಳೆ. ಹುಟ್ಟಿದ್ದು 1852ರಲ್ಲಿ. 1880ರಲ್ಲಿ ಮದುವೆಯಾಗಿ ಲಿಂಡ್‌ಹರ್ಸ್ಟ್ ಪಕ್ಕದ ಕಫ್‌ನೆಲ್ಸ್ ಎಂಬ ದೊಡ್ಡ ಮನೆಗೆ ಬಂದಳು. ಮೂವರು ಗಂಡುಮಕ್ಕಳಲ್ಲಿ ಇಬ್ಬರು 1915, 1916ರಲ್ಲಿ ಯುದ್ಧದಲ್ಲಿ ಸತ್ತರು. 1926ರಲ್ಲಿ ಗಂಡ ತೀರಿಕೊಂಡ ಮೇಲೆ, ಕ್ಯಾರಲ್ ತನಗೆಂದೇ ಕೈಯಲ್ಲಿ ಬರೆದುಕೊಟ್ಟಿದ್ದ ಮೂಲ ಹಸ್ತಪ್ರತಿಯನ್ನು 1928ರಲ್ಲಿ ಹರಾಜಿಗೆ ಇಟ್ಟಳು. 15,400 ಪೌಂಡಿಗೆ ಹೋಯಿತು. 1934ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಸತ್ತಾಗ ಲಂಡನ್ನಿನಲ್ಲಿ ದಹನ ಮಾಡಿ, ಬೂದಿಯನ್ನು ಇಲ್ಲಿನ ಕುಟುಂಬದ ಸಮಾಧಿಗೆ ತಂದರು. ಕಫ್‌ನೆಲ್ಸ್ ಮನೆ ಈಗ ಇಲ್ಲ.

ಆಲಿಸ್ ಸಮಾಧಿ ನೋಡಿ ಹಿಂತಿರುಗುವವರೇ ಹೆಚ್ಚು. ಅಂಗಳದ ಉಳಿದ ಕಲ್ಲುಗಳನ್ನೂ ಓದಬೇಕು ಎನ್ನುವವರಿಗೆ ಕನ್ನಡಿ ಬೇಕಾಗುವುದು ಈಗ. ನೂರೈವತ್ತು ವರ್ಷ ಮಳೆಗೆ ನಿಂತ ಸುಣ್ಣಕಲ್ಲಿನ ಅಕ್ಷರ ಎದುರಿನಿಂದ ನೋಡಿದರೆ ಅಳಿಸಿಹೋದಂತೆಯೇ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು, ಕಲ್ಲಿನ ಅಂಚಿನಿಂದ ಮೇಲ್ಮೈಗೆ ತಾಗಿ ಹರಿಯುವ ಹಾಗೆ ಬಿಡಿ. ಅಕ್ಷರದ ಗುಳಿಯಲ್ಲಿ ನೆರಳು ಕೂತು ಹೆಸರು ಏಳುತ್ತದೆ. ಮೋಡವಿದ್ದರೆ ಟಾರ್ಚು, ಅದೇ ಕೋನದಲ್ಲಿ. ಸೀಮೆಸುಣ್ಣ ಉಜ್ಜುವುದು, ಮೇಣದ ಬಳಪದಿಂದ ಕಾಗದದ ಮೇಲೆ ಪಡಿಯಚ್ಚು ತೆಗೆಯುವುದು ಬೇಡ. ಕಲ್ಲಿನ ಮೇಲಿನ ಪದರ ಈಗಾಗಲೇ ಸಡಿಲ. ಕಲ್ಲುಹೂವನ್ನು ಕೆರೆಯುವುದಂತೂ ಬೇಡವೇ ಬೇಡ. ಬ್ರಿಟನ್ನಿನ ಚರ್ಚ್ ಅಂಗಳಗಳಲ್ಲಿ 700ಕ್ಕೂ ಹೆಚ್ಚು ಬಗೆಯ ಕಲ್ಲುಹೂವುಗಳಿವೆ. ಕಲ್ಲೇ ಇಲ್ಲದ ಈ ಕಡೆಯ ಊರುಗಳಲ್ಲಿ ಅವಕ್ಕೆ ಸಿಗುವ ಕಲ್ಲು ಸಮಾಧಿಗಳದು ಮಾತ್ರ. ಫೋಟೊಗೆಂದು ಕಲ್ಲಿಗೆ ಒರಗಬೇಡಿ, ಮಕ್ಕಳನ್ನು ಹತ್ತಿಸಬೇಡಿ. ನೆಟ್ಟಗೆ ಕಾಣುವ ಎಷ್ಟೋ ಕಲ್ಲುಗಳ ಬುಡ ಸಡಿಲ, ಒಂದೊಂದರ ತೂಕ ಕ್ವಿಂಟಾಲ್‌ಗಟ್ಟಲೆ.

ಎರಡನೇ ದಿನ: ಎಮರಿ ಡೌನ್, ಮಿನ್‌ಸ್ಟೆಡ್

ಲಿಂಡ್‌ಹರ್ಸ್ಟ್‌ನಿಂದ ವಾಯವ್ಯಕ್ಕೆ ಎರಡು ಕಿ.ಮೀ. ಒಳಗೇ ಎಮರಿ ಡೌನ್. ನಡೆದೇ ಹೋಗಬಹುದು, ಸ್ವಲ್ಪ ಏರು. ಫುಟ್‌ಪಾತ್ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ.

ಇಲ್ಲಿನ ಕ್ರೈಸ್ಟ್ ಚರ್ಚನ್ನು 1864ರಲ್ಲಿ ಕಟ್ಟಿದವನು ಬಟರ್‌ಫೀಲ್ಡ್, ಮಾರ್ಗರೆಟ್ ಸ್ಟ್ರೀಟಿನ ಅದೇ ಬಟರ್‌ಫೀಲ್ಡ್. ಹಣ ಕೊಟ್ಟವನು ಅಡ್ಮಿರಲ್ ಬೌಲ್ಟ್‌ಬೀ. ಲಿಂಡ್‌ಹರ್ಸ್ಟ್ ಮೆರವಣಿಗೆಯ ಚರ್ಚಾದರೆ ಇದು ಮನೆಮಂದಿಯದು. ಗಾತ್ರ ಚಿಕ್ಕದು, ಆಡಂಬರವಿಲ್ಲ. ನಮ್ಮ ಮಟ್ಟಿಗೆ ಹಳ್ಳಿಯ ಇಟ್ಟಿಗೆ ಚರ್ಚು ಎಂದರೆ ಹೇಗಿರಬೇಕು ಎನ್ನುವುದಕ್ಕೆ ಇದೇ ಹೆಚ್ಚು ಒಳ್ಳೆಯ ಉದಾಹರಣೆ. ಕೆಂಪು ಗೋಡೆಯಲ್ಲಿ ಕಡುಬಣ್ಣದ ಇಟ್ಟಿಗೆಗಳು ಕೂಡಿಸುವ ವಿನ್ಯಾಸದ ಲೆಕ್ಕ ಹಿಡಿಯಲು ಪ್ರಯತ್ನಿಸಿ. ಅಂಥ ಓರೆ ಗೆರೆ ಮೇಲೇರಬೇಕಾದರೆ ಪ್ರತಿ ವರಸೆಯಲ್ಲೂ ಕಪ್ಪು ಇಟ್ಟಿಗೆ ಕಾಲು ಇಟ್ಟಿಗೆಯಷ್ಟು ಪಕ್ಕಕ್ಕೆ ಸರಿಯಬೇಕು. ಗಾರೆಯವನು ಮೂಲೆಯಲ್ಲಿ ಒಂದು ಇಟ್ಟಿಗೆ ತಪ್ಪು ಕೂರಿಸಿದರೆ ಹತ್ತು ವರಸೆ ಮೇಲೆ ಹೋದಾಗ ಗೆರೆ ಕಿಟಕಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಆದ್ದರಿಂದ ಈ ಬಗೆಯ ಗೋಡೆಯನ್ನು ಮೊದಲು ಕಾಗದದ ಮೇಲೆ ಇಟ್ಟಿಗೆ ಇಟ್ಟಿಗೆಯಾಗಿ ಎಣಿಸಿ, ಕಿಟಕಿ ಬಾಗಿಲುಗಳ ಅಗಲವನ್ನು ಇಟ್ಟಿಗೆಯ ಅಳತೆಗೆ ಹೊಂದಿಸಿ ಕಟ್ಟಬೇಕಾಗುತ್ತದೆ. ರಿಪೇರಿಯ ಕಷ್ಟವೂ ಇಲ್ಲೇ ಇದೆ. ಇಂದಿನ ಯಂತ್ರದ ಇಟ್ಟಿಗೆಯ ಎತ್ತರ ಹಳೆಯದಕ್ಕೆ ಸರಿಹೊಂದದಿದ್ದರೆ ವರಸೆ ತಪ್ಪುತ್ತದೆ, ಅಳತೆ ಕೊಟ್ಟು ಕೈಯಲ್ಲಿ ಮಾಡಿಸಬೇಕು.

ಹತ್ತಿರದಲ್ಲೇ ಬೌಲ್ಟ್‌ಬೀ ಕಾಟೇಜುಗಳಿವೆ, ಬಡ ವೃದ್ಧರಿಗೆಂದು ಬಟರ್‌ಫೀಲ್ಡ್‌ನಿಂದಲೇ ಮಾಡಿಸಿದ ಮನೆಸಾಲು. ಜನ ವಾಸವಿದ್ದಾರೆ, ರಸ್ತೆಯಿಂದ ನೋಡಿ ಮುಂದೆ ಹೋಗಿ.

ಎಮರಿ ಡೌನ್‌ನಿಂದ ಮಿನ್‌ಸ್ಟೆಡ್‌ಗೆ ಸುಮಾರು ಮೂರು ಕಿ.ಮೀ. ಹಳ್ಳಿದಾರಿ. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಮಳೆಯಾಗಿದ್ದರೆ ಕಾಡಿನ ಕಾಲುದಾರಿ ಬಿಟ್ಟು ರಸ್ತೆಯಲ್ಲೇ ಹೋಗಿ. ಜೇಡಿಮಣ್ಣು ಬೂಟನ್ನು ಹಿಡಿದುಕೊಳ್ಳುತ್ತದೆ.

ಮಿನ್‌ಸ್ಟೆಡ್‌ನ ಆಲ್ ಸೇಂಟ್ಸ್ ವಿಕ್ಟೋರಿಯನ್ ಅಲ್ಲ. ಅದಕ್ಕೇ ನೋಡಬೇಕು. ಇದರ ಬುಡ 13ನೇ ಶತಮಾನದ್ದು, ಇಟ್ಟಿಗೆ ಗೋಪುರ 18ನೆಯದು. ಬೇಕಾದಾಗಲೆಲ್ಲ ಒಂದೊಂದು ಕೋಣೆ ಸೇರಿಸುತ್ತಾ ಹೋದ ಕಟ್ಟಡ, ಹೊರಗಿನಿಂದ ಹಳ್ಳಿಮನೆಯಂತೆಯೇ ಕಾಣುತ್ತದೆ. ಒಳಗೆ ಮೂರಂತಸ್ತಿನ ಪ್ರಸಂಗ ಪೀಠ, ಒಂದರ ಮೇಲೊಂದು ಗ್ಯಾಲರಿ, ಜಮೀನ್ದಾರರ ಕುಟುಂಬಕ್ಕೆ ಬೆಂಕಿಗೂಡು ಸಮೇತ ಪ್ರತ್ಯೇಕ ಕೋಣೆ. ಪಾದ್ರಿಯ ಮಾತು ಉದ್ದವಾದರೂ ಅವರಿಗೆ ಚಳಿಯಿಲ್ಲ. ವಿಕ್ಟೋರಿಯನ್ ಸುಧಾರಕರು ಕಿತ್ತೆಸೆಯಲು ಹೊರಟದ್ದು ಇದನ್ನೇ: ಪೀಠವನ್ನು ಬದಿಗೆ ಸರಿಸಿ, ಗ್ಯಾಲರಿ ತೆಗೆದು, ಎಲ್ಲರ ಮುಖ ಬಲಿಪೀಠದ ಕಡೆಗೆ ತಿರುಗಿಸಿದರು. ಅವರು ಗೆದ್ದದ್ದನ್ನು ಲಿಂಡ್‌ಹರ್ಸ್ಟ್‌ನಲ್ಲಿ ಕಂಡವರು ಸೋತದ್ದನ್ನು ಇಲ್ಲಿ ಕಾಣಬಹುದು. ಇಂಗ್ಲೆಂಡಿನಲ್ಲಿ ಹೀಗೆ ಉಳಿದ ಒಳಾಂಗಣಗಳು ಕಡಿಮೆ.

ಅಂಗಳದ ಕೊನೆಯಲ್ಲಿ, ಮರದ ಕೆಳಗೆ, ಆರ್ಥರ್ ಕಾನನ್ ಡಾಯ್ಲ್ ಸಮಾಧಿ. ಷರ್ಲಾಕ್ ಹೋಮ್ಸ್‌ನ ಅಭಿಮಾನಿಗಳು ಪೈಪು ಇಟ್ಟು ಹೋಗುವುದುಂಟು. 1930ರಲ್ಲಿ ಸತ್ತಾಗ ಅವನನ್ನು ಹೂತದ್ದು ಸಸೆಕ್ಸ್‌ನ ಮನೆಯ ತೋಟದಲ್ಲಿ. ಆ ಮನೆ ಮಾರಾಟವಾದಾಗ, 1955ರಲ್ಲಿ, ಅವನನ್ನೂ ಹೆಂಡತಿ ಜೀನ್‌ಳನ್ನೂ ಇಲ್ಲಿಗೆ ತಂದರು. ಅವನಿಗೆ ಈ ಕಡೆ ಒಂದು ಮನೆ ಇತ್ತು.

ಮೂರನೇ ದಿನ: ಬ್ರಾಕನ್‌ಹರ್ಸ್ಟ್

ಹೊರಡುವ ದಿನ, ಸಾಮಾನು ಕೈಯಲ್ಲಿರುತ್ತದೆ, ಅರ್ಧ ದಿನ ಸಾಕು. ಸೇಂಟ್ ನಿಕೊಲಸ್ ಚರ್ಚು ಊರಿನಿಂದ ಹೊರಗೆ ಗುಡ್ಡದ ಮೇಲಿದೆ, ರೈಲು ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ಗೋಪುರ 18ನೇ ಶತಮಾನದ ಇಟ್ಟಿಗೆಯದು, ಉಳಿದ ಭಾಗ ಅದಕ್ಕಿಂತ ಬಹಳ ಹಳೆಯದು. ಬಾಗಿಲು ಮುಚ್ಚಿದ್ದರೂ ನಷ್ಟವಿಲ್ಲ. ಇಲ್ಲಿ ನೋಡಬೇಕಾದ್ದು ಅಂಗಳ.

ಬಾಗಿಲ ಬಳಿಯ ಯೂ ಮರಕ್ಕೆ ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸು. ಕಾಂಡದ ಒಳಗೆ ಪೊಳ್ಳು. ಈ ಜಾತಿಯ ಮರ ಒಳಗಿನಿಂದ ಕರಗಿ ಹೊರಗಿನಿಂದ ಬೆಳೆಯುತ್ತದೆ, ಅದರಿಂದಲೇ ವಯಸ್ಸು ಎಣಿಸುವುದು ಕಷ್ಟ. ಮಕ್ಕಳು ಜತೆಗಿದ್ದರೆ ಎಚ್ಚರ, ಎಲೆಯೂ ಬೀಜವೂ ವಿಷ.

ಹ್ಯಾರಿ ಮಿಲ್ಸ್ ಎಂಬ ಹಾವಾಡಿಗನ ಕಲ್ಲೂ ಇಲ್ಲಿದೆ. ಬ್ರಷರ್ ಮಿಲ್ಸ್ ಎಂದೇ ಕರೆಯುತ್ತಿದ್ದರು. ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಹಾವು ಹಿಡಿದೇ ಬದುಕಿದ, 1905ರಲ್ಲಿ ಸತ್ತ. ಊರವರು ಚಂದಾ ಎತ್ತಿ ಹಾಕಿಸಿದ ಅಮೃತಶಿಲೆಯಲ್ಲಿ ಅವನ ಚಿತ್ರವನ್ನೇ ಕೆತ್ತಿಸಿದ್ದಾರೆ, ಕೈಯಲ್ಲಿ ಹಾವು ಸಹಿತ.

ಸೈನಿಕರ ಸಮಾಧಿಗಳಿಗೆ ಸಮಯ ಉಳಿಸಿಕೊಳ್ಳಿ. 1914ರಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋದ ಭಾರತೀಯ ಸೈನಿಕರಲ್ಲಿ ಗಾಯಗೊಂಡವರಿಗೆಂದು ಬ್ರಾಕನ್‌ಹರ್ಸ್ಟ್‌ನಲ್ಲಿ ಆಸ್ಪತ್ರೆ ತೆರೆದರು. ಒಂದಕ್ಕೆ ಭಾರತದ ಆಗಿನ ವೈಸರಾಯ್‌ನ ಹೆಂಡತಿ ಲೇಡಿ ಹಾರ್ಡಿಂಜ್‌ಳದೇ ಹೆಸರು. ಊರಿನಲ್ಲಿ ಇಂದಿಗೂ ಮೀರತ್ ರೋಡ್ ಇದೆ, ಅದು ಭಾರತದ ಮೀರತ್ ಡಿವಿಷನ್ನಿನ ನೆನಪು. 1915ರ ಕೊನೆಗೆ ಭಾರತೀಯ ಕಾಲಾಳು ಪಡೆಗಳು ಫ್ರಾನ್ಸ್ ಬಿಟ್ಟ ಮೇಲೆ ಆಸ್ಪತ್ರೆ ನ್ಯೂಜಿಲೆಂಡಿನವರ ಕೈಗೆ ಬಂತು. ಹಾಗಾಗಿ ಇಲ್ಲಿನ ಸಾಲುಗಳಲ್ಲಿ ನ್ಯೂಜಿಲೆಂಡಿನ 93 ಮಂದಿ, ಭಾರತದ ಮೂವರು. ಬಿಳಿ ಕಲ್ಲುಗಳ ಮೇಲೆ ನ್ಯೂಜಿಲೆಂಡಿನವರಿಗೆ ಜರಿಗಿಡದ ಎಲೆಯ ಗುರುತು. ಭಾರತೀಯರ ಕಲ್ಲು ಹುಡುಕುವವರು ಅಂಗಳಕ್ಕೆ ಬರುವ ಮುಂಚೆಯೇ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಬ್ರಾಕನ್‌ಹರ್ಸ್ಟ್ ಎಂದು ತೆಗೆದು ಸಾಲು, ಸಂಖ್ಯೆ ಬರೆದುಕೊಂಡರೆ ಅಲೆದಾಟ ತಪ್ಪುತ್ತದೆ. ಹೂವಿಡುವುದಾದರೆ ಪ್ಲಾಸ್ಟಿಕ್ ಹೊದಿಕೆ ತೆಗೆದು ಇಡಿ. ಗುಡ್ಡ ಇಳಿದು ನಿಲ್ದಾಣಕ್ಕೆ ಬರುವಾಗ ದಾರಿಯಲ್ಲಿ ಲೆವೆಲ್ ಕ್ರಾಸಿಂಗ್ ಇದೆ. ಗೇಟು ಬಿದ್ದರೆ ಕೆಲವು ನಿಮಿಷ ಏಳುವುದಿಲ್ಲ, ಲಂಡನ್ ರೈಲಿಗೆ ಅಷ್ಟು ಮುಂಚಿತವಾಗಿಯೇ ಹೊರಡಿ.